ಪಕ್ಕದ ಮನೆಯ ಹೊಗೆ

ಆ ದಿನ ಬೆಳಗಿನಿಂದ ನಮ್ಮ ಮನೆಯಲ್ಲಿ ಆದ ಕೆಲಸಗಳು ಇವು. ಅವ್ವ ಹೊದೆಯುವ ಕೌದಿಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು. ಮಳೆಗೆ ತೊಳೆದುಹೋದ ಕಡೆ ಅಪ್ಪ ಮತ್ತು ಅವನ ತಮ್ಮ ಮಲ್ಲೇಶಿ ಕಾಕಾ ಮಾಳಿಗೆಗೆ ಹೊಸ ಮಣ್ಣು ಮೆತ್ತಿದರು. ಅಂಗಳದಲ್ಲಿ ಆ ಮಣ್ಣಿಗೆ ಜೋಳದ ಹೊಟ್ಟು, ಸಗಣಿ ಸೇರಿಸಿ ತುಳಿದವಳು ನಾನು. ಮಗ್ಗದ ಕುಣಿಯೊಳಗೆ ಬೇವಿನೆಲೆಯ ಹೊಗೆ ಹಾಕಿ, ತಳಕ್ಕೆ ಒಣ ಹುಲ್ಲು ಹಾಸಿ, ಮೇಲೊಂದು ಹಳೆಯ ಗೋಣಿತಟ್ಟು ಹೊದಿಸಿದ್ದಾಯಿತು. ಬೆಳಕಿಂಡಿಯ ಸುತ್ತ ಬಿಟ್ಟಿದ್ದ ಸಂದಿಗೆ ಸೀರೆಯ ಚೂರು ತುರುಕಿದ್ದಾಯಿತು. ಸಜ್ಜೆ ಬೀಸಿದ್ದಾಯಿತು, ಎಳ್ಳು ಆರಿಸಿದ್ದಾಯಿತು. ಇಷ್ಟೆಲ್ಲ ಆದ ಮೇಲೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈ ತೆಗೆದು ಪಕ್ಕದ ಮನೆಯ ಬಾಗಿಲು ತೆರೆದಳು. ಒಳಗೆ ಯಾರೂ ಇಲ್ಲದ ಆ ಮನೆಯಲ್ಲಿ ದಿನದಂತೆ ಒಲೆ ಹೊತ್ತಿಸಿದಳು.

ನಮ್ಮ ನಾರಾಯಣಪೇಟೆಯಲ್ಲಿ ಚಳಿ ಬಹಳ ದಿನ ಇರುವುದಿಲ್ಲ. ಆದರೆ ನೇಕಾರರ ಮನೆಗೆ ಅದು ಬಾಗಿಲಿನಿಂದ ಬರುವುದಿಲ್ಲ, ನೆಲದೊಳಗಿನಿಂದ ಬರುತ್ತದೆ. ಮಗ್ಗಕ್ಕೆ ಕೂತವನ ಕಾಲುಗಳು ಇಡೀ ಹಗಲು ಕುಣಿಯಲ್ಲಿ ಇಳಿಬಿದ್ದಿರುತ್ತವೆ. ಅಪ್ಪನ ತಲೆ ಬಿಸಿಲಿಗೆ ಕಾದಿದ್ದಾಗಲೂ ಅವನ ಪಾದಗಳನ್ನು ಮುಟ್ಟಿದರೆ ಗಡಿಗೆಯ ನೀರಿನಂತೆ ತಣ್ಣಗಿರುತ್ತಿದ್ದವು. ಗಂಜಿ ಹಚ್ಚಿದ ನೂಲು ಆ ದಿನಗಳಲ್ಲಿ ಬೇಗ ಒಣಗುವುದಿಲ್ಲ, ಒಣಗಿದರೆ ಮುಟ್ಟಿದಲ್ಲಿ ಹರಿಯುತ್ತದೆ. ಹೀಗಾಗಿ ದೀಪಾವಳಿ ದಾಟಿದ ಕೂಡಲೇ ಮನೆಯನ್ನು ಚಳಿಗೆ ಸಜ್ಜು ಮಾಡುವುದು ನಮ್ಮಲ್ಲಿ ಹಬ್ಬದಷ್ಟೇ ಕಟ್ಟುನಿಟ್ಟಿನ ಕೆಲಸವಾಗಿತ್ತು. ಇದ್ದದ್ದಾದರೂ ಎಷ್ಟು ಮನೆ? ಒಂದು ಪಡಸಾಲೆ, ಒಂದು ಅಡಿಗೆಮನೆ, ಗೋಡೆಯಲ್ಲೊಂದು ದೇವರ ಗೂಡು. ಪಡಸಾಲೆಯ ಅರ್ಧವನ್ನು ಮಗ್ಗ ನುಂಗಿತ್ತು. ಉಳಿದ ಅರ್ಧದಲ್ಲಿ ಅಪ್ಪ, ಅವ್ವ, ಆಯಿ, ಕಾಕಾ, ನಾನು ಉಂಡು ಮಲಗಬೇಕು. ಚಳಿಗಾಲದಲ್ಲಿ ಅದೇ ಒಳ್ಳೆಯದು ಎಂದು ಅವ್ವ ನಗುತ್ತಿದ್ದಳು, ಒಬ್ಬರ ಬೆನ್ನು ಇನ್ನೊಬ್ಬರಿಗೆ ಅಗ್ಗಿಷ್ಟಿಗೆ.

ಪಕ್ಕದ ಮನೆ ಇಮಾಮ್ ಚಾಚಾ ಅವರದು. ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ನಮ್ಮ ಓಣಿಯ ಸೀರೆಗಳ ಕೆಂಪು ಅಂಚೆಲ್ಲ ಮೊದಲು ಕುದಿದದ್ದು ಅವರ ಕಡಾಯಿಯಲ್ಲೇ. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವರ ತೊಲೆಗಳೂ ನಮ್ಮ ತೊಲೆಗಳೂ ಅದೇ ಗೋಡೆಯೊಳಗೆ ತಲೆಗೆ ತಲೆ ಕೊಟ್ಟು ಮಲಗಿದ್ದವು. ಮಣ್ಣಿನ ಮಾಳಿಗೆಯ ಮನೆಗಳ ಗುಟ್ಟು ಗೊತ್ತಿದ್ದವರಿಗೆ ಗೊತ್ತು. ಒಲೆ ಉರಿಯುವ ಮನೆಯ ತೊಲೆ ಹೊಗೆ ಕುಡಿದು ಕಪ್ಪಾಗಿ ಕಬ್ಬಿಣವಾಗುತ್ತದೆ. ಒಲೆ ಆರಿದ ಮನೆಗೆ ಗೆದ್ದಲು ಹತ್ತುತ್ತದೆ. ಅಲ್ಲಿ ಹತ್ತಿದ ಗೆದ್ದಲು ಗೋಡೆ ದಾಟಿ ಇಲ್ಲಿಗೆ ಬರಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆಯಿ ಅಲ್ಲಿ ಒಲೆ ಹಚ್ಚುವುದಕ್ಕೆ ಎಲ್ಲರ ಮುಂದೆ ಹೇಳುತ್ತಿದ್ದ ಕಾರಣ ಇದು. ಬೇರೆ ಕಾರಣವಿದ್ದರೆ ಅವಳು ಯಾರಿಗೂ ಹೇಳಲಿಲ್ಲ.

ಆ ವರ್ಷ ನಮ್ಮ ಓಣಿ ಎರಡು ಸಲ ಹೆದರಿತ್ತು. ಮೊದಲು ನಾವು, ಆಮೇಲೆ ಅವರು. ನಿಜಾಮನ ಕಡೆಯ ರಜಾಕಾರರು ಲಾಠಿ ಹಿಡಿದು ಓಣಿ ಓಣಿ ತಿರುಗುತ್ತಿದ್ದ ದಿನಗಳಲ್ಲಿ ಇಮಾಮ್ ಚಾಚಾ ಅವರ ತಾಯಿ ದಾದಿಮಾ ಮೊರ ತಂದು ನಮ್ಮ ಹೊಸ್ತಿಲ ಮುಂದೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಅವಳ ಮನೆಯಲ್ಲಿ ಅಷ್ಟೊಂದು ಅಕ್ಕಿ ಇರಲಿಲ್ಲ, ಅದೇ ಅಕ್ಕಿಯನ್ನು ಮತ್ತೆ ಮತ್ತೆ ಆರಿಸುತ್ತಿದ್ದಳು. ಬಂದವರು ಅವಳನ್ನು ನೋಡಿ ಮುಂದೆ ಹೋಗುತ್ತಿದ್ದರು. ಆಮೇಲೆ ಮಿಲಿಟರಿ ಬಂತು, ನಿಜಾಮನ ರಾಜ್ಯ ಮುಗಿಯಿತು ಎಂದರು, ಓಣಿಯಲ್ಲಿ ಸಕ್ಕರೆ ಹಂಚಿದರು. ಆಚೀಚೆಯ ಊರುಗಳಿಂದ, ಮುಸಲ್ಮಾನರ ಮನೆಗಳಿಗೆ ಜನ ನುಗ್ಗಿದ ಸುದ್ದಿಗಳೂ ಬರತೊಡಗಿದವು. ನಮ್ಮ ಓಣಿಯಲ್ಲಿ ಅವರ ಬಾಗಿಲನ್ನು ಯಾರೂ ಮುಟ್ಟಲಿಲ್ಲ. ಆದರೆ ಗುರುತಿಲ್ಲದ ಗಂಡಸರು ಸಂಜೆ ಓಣಿಯ ತುದಿಗೆ ಬಂದು ಆ ಬಾಗಿಲನ್ನು ನೋಡಿ ಹೋಗುತ್ತಿದ್ದರು. ಅದು ಸಾಕಾಯಿತು. ಒಂದು ಬೆಳಗ್ಗೆ ಇಮಾಮ್ ಚಾಚಾ ಬಂಡಿ ಹೂಡಿಸಿದರು. ಹೊಳೆಯಾಚೆ ಗದ್ವಾಲದಲ್ಲಿ ಅವರ ಹೆಂಡತಿ ಚಾಚಿಯ ತವರುಮನೆ ಇತ್ತು. ಹತ್ತುವ ಮುಂಚೆ ದಾದಿಮಾ ಬೀಗದ ಕೈಯನ್ನು ಆಯಿಯ ಕೈಗಿಟ್ಟಳು. ಮನೆ ನೋಡಿಕೋ ಎನ್ನಲಿಲ್ಲ. ಅವಳಿಗೆ ಕೋಳಿಯ ಚಿಂತೆ ಹತ್ತಿತ್ತು.

"ಅಕ್ಕಾ, ಕೋಳಿ ಬಂಡ್ಯಾಗ ಕೂಡಂಗಿಲ್ಲ. ದಿನಾ ಒಂದು ಹಿಡಿ ಜೋಳ ಚೆಲ್ಲು, ಸಾಕು."

"ನಾ ಕೋಳಿ ಮುಟ್ಟಂಗಿಲ್ಲ, ನಿನಗ ಗೊತ್ತೈತಿ ಬೀಬಿ."

"ಮುಟ್ಟಬ್ಯಾಡ. ಬೈ ಅದಕ್ಕ. ಬೈದ್ರ ನಾನೇ ಬೈದೆ ಅನ್ಕೊಂಡು ಗೂಡಿಗೆ ಹೋಗ್ತೈತಿ."

ಹೀಗೆ ಲಿಂಗ ಕಟ್ಟಿಕೊಂಡ ನಮ್ಮ ಆಯಿ ದಿನಾ ಸಂಜೆ ಪಕ್ಕದ ಹಿತ್ತಲಿಗೆ ಹೋಗಿ ಒಂದು ಕೋಳಿಯನ್ನು ಬಾಯಿಗೆ ಬಂದಂತೆ ಬೈದು ಬರತೊಡಗಿದಳು. ಬೆಳಗ್ಗೆ ಅದೇ ಮನೆಯಲ್ಲಿ ಕಸ ಗುಡಿಸಿ, ನೆಲ ಸಾರಿಸಿ, ತೊಗರಿ ಕಟ್ಟಿಗೆಯ ಮೇಲೆ ಎರಡು ಸಗಣಿ ಕುಳ್ಳು ಇಟ್ಟು ಒಲೆ ಹೊತ್ತಿಸುವಳು. ಬರಿ ಒಲೆ ಉರಿಸಬಾರದು ಎಂಬುದು ಅವಳ ಶಾಸ್ತ್ರ, ಅದಕ್ಕೆ ಒಂದು ಗಡಿಗೆ ನೀರು ಇಡುವಳು. ಆ ಮನೆಯಲ್ಲಿ ಅವಳು ಎಂದೂ ಒಂದು ತುತ್ತು ಉಂಡವಳಲ್ಲ, ಒಂದು ಗುಟುಕು ಕುಡಿದವಳಲ್ಲ. ಆದರೆ ಅಲ್ಲಿ ಕಾದ ನೀರನ್ನು ತಂದು ನಮ್ಮ ನೂಲಿನ ಗಂಜಿಗೆ ಬೆರೆಸುತ್ತಿದ್ದಳು. ನೂಲಿಗೆ ಮಡಿ ಇಲ್ಲ ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಮಾಮ್ ಚಾಚಾ ಅವರ ಬೆಳಕಿಂಡಿಯಿಂದ ಸಣ್ಣಗೆ ಹೊಗೆ ಏಳುವುದು ಓಣಿಗೆ ರೂಢಿಯಾಯಿತು.

ಈ ನಡುವೆ ನಮ್ಮ ಮನೆಯಲ್ಲಿ ಇನ್ನೊಂದು ಯೋಚನೆ ಬೆಳೆಯುತ್ತಿತ್ತು. ಮಲ್ಲೇಶಿ ಕಾಕಾನ ಮದುವೆ ಗೊತ್ತಾಗಿತ್ತು. ಅವನಿಗೆ ಕೂಡಲು ಮಗ್ಗವಿಲ್ಲ, ಮಗ್ಗ ಮಾಡಿಸಿದರೂ ಕುಣಿ ತೋಡಲು ನಮ್ಮಲ್ಲಿ ಜಾಗವಿಲ್ಲ. ಓಣಿಯ ಎಷ್ಟೋ ಹುಡುಗರು ಸೊಲ್ಲಾಪುರದ ಗಿರಣಿಗೆ ಹೋಗಿ ಅಲ್ಲೇ ಉಳಿದಿದ್ದರು. ಮದುವೆಯ ನಂತರ ಕಾಕಾನೂ ಹೋಗುವುದೆಂದು ಮಾತಾಗಿತ್ತು. ಆಗಲೇ ಬಸಣ್ಣ ಒಂದು ಸುದ್ದಿ ತಂದ. ಬಸಣ್ಣ ಸೀರೆಯ ಗಂಟು ಹೊತ್ತು ಮಖ್ತಲ್, ಗದ್ವಾಲ ಎಲ್ಲ ತಿರುಗಿ ಮಾರುವವನು. ಸೀರೆಗಿಂತ ಅವನ ಗಂಟಿನಲ್ಲಿ ಮಾತೇ ಹೆಚ್ಚು. ಇಮಾಮ್ ಚಾಚಾ ಮನೆ ಮಾರುವ ಮನಸ್ಸಿನಲ್ಲಿದ್ದಾರೆ ಎಂದ. ಅಪ್ಪ ಆ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ಕಡೆಗೆ, ಮಾರುವುದಾದರೆ ಮೊದಲು ನಮ್ಮನ್ನು ಕೇಳಲಿ ಎಂದು ಬಸಣ್ಣನ ಕೈಯಲ್ಲೇ ಹೇಳಿ ಕಳಿಸಿದ. ಅಪ್ಪನಿಗೆ ಪಕ್ಕದ ಮನೆಯ ಮೇಲೆ ಆಸೆ ಇದ್ದಿರಲಿಲ್ಲ. ಅವನಿಗೆ ತಮ್ಮನ ಮೇಲೆ ಆಸೆ. ಮರುದಿನ ಆಯಿಯ ಹಿಂದೆಯೇ ಒಳಗೆ ಹೋಗಿ, ಅವರ ಬಣ್ಣದ ಕೋಣೆಯ ನೆಲದ ಮೇಲೆ ದಾರ ಹಿಡಿದು ಅಳತೆ ಮಾಡಿ, ಕುಣಿ ಎಲ್ಲಿ ಬರಬೇಕೋ ಅಲ್ಲಿ ಸುಣ್ಣದಿಂದ ಗೆರೆ ಎಳೆದ. ಅದರ ಮರುದಿನ ಹೋಗಿ ನೋಡಿದರೆ ಗೆರೆ ಇಲ್ಲ. ಆಯಿ ಅದರ ಮೇಲೆಯೇ ಸಾರಿಸಿಬಿಟ್ಟಿದ್ದಳು.

"ಅವ್ವಾ, ನಾ ಗುರ್ತು ಹಾಕಿದ್ನಿ."

"ನಾ ನೆಲ ಸಾರ್ಸಿದ್ನಿ. ಸಾರ್ಸೋ ನೆಲದ ಮ್ಯಾಲ ನೀ ಯಾಕ ಸುಣ್ಣ ಚೆಲ್ತಿ?"

"ಅವರು ಮಾರ್ತಾರಂತ."

"ಮಾರ್ಲಿ. ಮಾರೋತನಕ ಅದು ಬೀಬಿ ನೆಲ."

"ಮಲ್ಲೇಶಿ ಸೊಲ್ಲಾಪುರದ ದಾರಿ ಹಿಡಿದ್ರ ಅಳಾಕ ನೀನೇ ಕೂಡ್ತಿ, ನೋಡು."

ಆಯಿ ಎದ್ದು ಹೊರಗೆ ಹೋದಳು. ಸಗಣಿಯ ಕೈ ತೊಳೆಯದೆ ಹಿತ್ತಲ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದಳು. ಕಾಕಾ ಅವಳ ಹೊಟ್ಟೆಯ ಕಡೆಯ ಮಗ, ಹಬ್ಬಕ್ಕೆ ಹೋಳಿಗೆ ಬೆಂದರೆ ಮೊದಲನೆಯದು ಅವನಿಗೆ. ಮರುದಿನ ಅಪ್ಪ ಮತ್ತೆ ಗೆರೆ ಎಳೆದ, ಆಯಿ ಮತ್ತೆ ಸಾರಿಸಿದಳು. ಇಬ್ಬರೂ ಆ ಮನೆಯನ್ನು ಚಳಿಗಾಲಕ್ಕೆ ಸಜ್ಜು ಮಾಡುತ್ತಿದ್ದರು. ಯಾರು ಬಂದು ಇರುವುದಕ್ಕೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಅಪ್ಪ ಅಲ್ಲಿಯ ಮಾಳಿಗೆ ಸೋರುವ ಕಡೆ ಮಣ್ಣು ಮೆತ್ತಿ ಗಟ್ಟಿ ಮಾಡಿದ್ದೂ ತಮ್ಮನಿಗಾಗಿಯೇ. ಆಯಿ ಚಾಚಿಯ ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಇದ್ದಲ್ಲಿಯೇ ಇಟ್ಟು ಬರುತ್ತಿದ್ದಳು. ಜಗಳಕ್ಕೆ ಬೇಸತ್ತು ಒಂದು ದಿನ ಕಾಕಾನೇ ಬಾಯಿ ಬಿಟ್ಟ.

"ದಿನಾ ನನ್ನ ಕುಣಿ ತಗೀತೀರಿ, ದಿನಾ ಮುಚ್ತೀರಿ. ನಾ ಕಾಲು ಇಳಿಬಿಡೋದು ಯಾವಾಗ?"

"ನಿನ್ನ ಹೆಂಡ್ತಿ ಬಂದು ನಿನ್ನ ಕಿವಿ ಹಿಂಡಿದಾಗ," ಎಂದಳು ಅವ್ವ. ಆ ಮನೆಯ ಮಾತಿನಲ್ಲಿ ಅವಳು ಗಂಡನ ಕಡೆಗೂ ಇರಲಿಲ್ಲ, ಅತ್ತೆಯ ಕಡೆಗೂ ಇರಲಿಲ್ಲ. ಇಬ್ಬರಿಗೂ ಹೊತ್ತಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು.

ಇನ್ನು ಆ ದಿನದ ಮಾತು. ಕೌದಿ ತಿರುವಿ ಹಾಕಲು ಮಾಳಿಗೆ ಹತ್ತಿದ್ದ ನನಗೇ ಬಂಡಿ ಮೊದಲು ಕಂಡದ್ದು. ನಾನು ಆಗ ಹಲ್ಲು ಬಿದ್ದು ಹೊಸದು ಬರುತ್ತಿದ್ದ ವಯಸ್ಸಿನವಳು. "ದಾದಿಮಾ ಬಂದ್ಳು!" ಎಂದು ಕೂಗಿದೆ. ಬಂಡಿಯಲ್ಲಿ ದಾದಿಮಾ, ಚಾಚಿ, ಬಿಗಿದು ಕಟ್ಟಿದ ಎರಡು ಗಂಟು. ಇಮಾಮ್ ಚಾಚಾ ಬಂಡಿಯ ಮುಂದೆ ನಡೆದು ಬರುತ್ತಿದ್ದರು. ನನ್ನ ಕೂಗು ಕೇಳಿದರೂ ಅವರು ನನ್ನನ್ನು ನೋಡಲಿಲ್ಲ. ತಮ್ಮ ಬೆಳಕಿಂಡಿಯಿಂದ ಏಳುತ್ತಿದ್ದ ಹೊಗೆಯನ್ನೇ ನೋಡುತ್ತ ಬಂದರು. ಅಪ್ಪ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಅಂಗಳದಲ್ಲಿ ನಿಂತಿದ್ದ.

"ಬಾ ಇಮಾಮಣ್ಣ, ಒಳಗ ಬಾ."

"ಯಾವ ಮನಿ ಒಳಗ ಸಿದ್ದಣ್ಣ? ನಿಮ್ಮದಾ, ನಮ್ಮದಾ?" ಚಾಚಾ ಅವರ ದನಿ ಏರಲಿಲ್ಲ, ಅದೇ ಕೆಟ್ಟದಾಗಿ ಕೇಳಿಸಿತು. "ಮಖ್ತಲ್ ಸಂತ್ಯಾಗ ಜನ ಹೇಳಿದ್ರು, ಇಮಾಮನ ಮನ್ಯಾಗ ಹೊಗಿ ಏಳಾಕತ್ತೈತಿ, ಸಿದ್ದಪ್ಪನ ಮಂದಿ ಒಳಗ ಉಂಡು ಮಲಗಾಕತ್ತಾರ ಅಂತ. ಮಾರೋ ಮಾತು ಇನ್ನಾ ಬಾಯಾಗೇ ಐತಿ. ಅಷ್ಟ್ರಾಗ ಒಲಿ ಹೂಡಿದ್ರ್ಯಾ?"

ಬಸಣ್ಣ ಸುಳ್ಳು ಹೇಳಿರಲಿಲ್ಲ. ಹೊಗೆ ಏಳುತ್ತಿದೆ ಎಂದಷ್ಟೇ ಸಂತೆಯಲ್ಲಿ ಅಂದಿದ್ದ. ಉಳಿದದ್ದನ್ನು ಕೇಳಿದವರು ಸೇರಿಸಿದ್ದರು. ನಮ್ಮ ಕಡೆ ಮನೆಯಲ್ಲಿ ಹೊಗೆ ಎದ್ದರೆ ಅದಕ್ಕೆ ಒಂದೇ ಅರ್ಥ: ಒಳಗೆ ಯಾರೋ ಬೇಯಿಸಿಕೊಂಡು ಉಣ್ಣುತ್ತಿದ್ದಾರೆ. ತೊಲೆ ಉಳಿಯಲಿ ಎಂದು ಯಾರದೋ ಮನೆಯಲ್ಲಿ ತನ್ನ ಕಟ್ಟಿಗೆ ಸುಡುವ ಮುದುಕಿ ಇರುತ್ತಾಳೆಂದು ಯಾರಿಗೆ ಹೊಳೆಯಬೇಕು? ಅಪ್ಪ ಕೈಯ ಮಣ್ಣು ಉಜ್ಜತೊಡಗಿದ. ಅಲ್ಲ ಎನ್ನೋಣವೆಂದರೆ ಒಳಗೆ ಬಣ್ಣದ ಕೋಣೆಯಲ್ಲಿ ಅವನು ಹಿಂದಿನ ದಿನ ಎಳೆದ ಗೆರೆ ಇತ್ತು. ಆ ದಿನ ಮಾಳಿಗೆಯ ಗಡಿಬಿಡಿಯಲ್ಲಿ ಆಯಿ ಆ ಕೋಣೆಯನ್ನಿನ್ನೂ ಸಾರಿಸಿರಲಿಲ್ಲ.

ದಾದಿಮಾ ಮಾತ್ರ ಈ ಮಾತುಕತೆಗೆ ನಿಲ್ಲಲಿಲ್ಲ. ಬಂಡಿಯಿಂದ ಇಳಿದವಳು ಗೋಡೆ ಹಿಡಿದುಕೊಂಡು ತನ್ನ ಹೊಸ್ತಿಲು ದಾಟಿದಳು. ನಾನು ಮಾಳಿಗೆಯಿಂದ ದಡದಡ ಇಳಿದು ಅವಳ ಹಿಂದೆ ಓಡಿದೆ. ಒಳಗೆ ಒಲೆಯ ಮುಂದೆ ಆಯಿ ಇದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದಾದಿಮಾ ಪಾತ್ರೆಗಳ ಸಾಲಿನ ಮೇಲೆ ಕಣ್ಣಾಡಿಸಿದಳು, ಗೋಡೆಯ ಗೂಡಿನಲ್ಲಿದ್ದ ತನ್ನ ಎಲೆಯಡಿಕೆಯ ಸುಣ್ಣದ ಡಬ್ಬಿ ಮುಟ್ಟಿ ನೋಡಿದಳು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಕೋಳಿ ಒಳಗೆ ಬಂತು, ಅದರ ಹಿಂದೆ ಮರಿಗಳ ಒಂದು ಮೆರವಣಿಗೆಯೇ ಬಂತು.

"ಇವು ಯಾರವು?"

"ನಿನ್ನವೇ."

"ನಾ ಒಂದು ಬಿಟ್ಟು ಹೋಗಿದ್ನಿ ಅಕ್ಕಾ."

"ನಾ ತತ್ತಿ ಮುಟ್ಟಂಗಿಲ್ಲ. ಯಾರಿಗೂ ಮುಟ್ಟಾಕ ಕೊಡ್ಲಿಲ್ಲ. ಅದು ತನ್ನ ಪಾಡಿಗೆ ಕಾವು ಕೂತ್ಕೊಂತು. ಓಣಿ ಹುಂಜಕ್ಕ ನಾ ಏನು ಹೇಳ್ಲಿ?"

ದಾದಿಮಾ ನಗಬಾರದೆಂದು ಸೆರಗು ಬಾಯಿಗೆ ಹಿಡಿದಳು, ಆದರೂ ನಕ್ಕಳು. ಆಮೇಲೆ ಒಲೆಯ ಹತ್ತಿರ ಬಂದು, ಸೆರಗಿನಿಂದಲೇ ಗಡಿಗೆಯ ಮುಚ್ಚಳ ಎತ್ತಿ ಇಣುಕಿದಳು. ಬಹಳ ಹೊತ್ತು ಇಣುಕಿಯೇ ಇದ್ದಳು.

"ಇಮಾಮ್! ಇಧರ್ ಆ. ಇವರು ನಮ್ಮ ಮನ್ಯಾಗ ಏನು ಅಡಿಗಿ ಮಾಡ್ಕೊಂಡು ಉಣ್ಣಾಕತ್ತಾರ, ಬಂದು ನೋಡು."

ಚಾಚಾ ಬಂದರು, ಹಿಂದೆ ಅಪ್ಪ, ಕಾಕಾ. ಚಾಚಾ ಬಗ್ಗಿ ನೋಡಿದರು. ಗಡಿಗೆಯಲ್ಲಿ ಬರಿ ನೀರು ಕುದಿಯುತ್ತಿತ್ತು. ಒಂದು ಕಾಳು ಇರಲಿಲ್ಲ, ಒಂದು ಸೊಪ್ಪಿನ ಎಲೆ ಇರಲಿಲ್ಲ.

"ತೊಲಿಗೆ ಗೆದ್ಲ ಹತ್ತೀತು ಅಂತ ಹೊಗಿ ಹಾಕಿದ್ನಿ," ಎಂದಳು ಆಯಿ ಒಲೆಯನ್ನೇ ನೋಡುತ್ತ. "ಬರಿ ಒಲಿ ಉರ್ಸಬಾರ್ದು ಅಂತ ನೀರಿಟ್ನಿ. ಮತ್ತೇನಿಲ್ಲ."

ಚಾಚಾ ತಲೆ ಎತ್ತಿ ತೊಲೆಗಳನ್ನು ನೋಡಿದರು. ಅವು ಹೊಸದಾಗಿ ಎಣ್ಣೆ ಕುಡಿದಂತೆ ಕರ್ರಗೆ ಹೊಳೆಯುತ್ತಿದ್ದವು. ಆ ಹೊತ್ತಿಗೆ ದಾದಿಮಾ ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲೆ ಬೆಳ್ಳಗೆ, ನಾಲ್ಕು ಮೂಲೆಯ ಗೆರೆ.

"ಇದೇನು ಸಿದ್ದಾ? ನನ್ನ ಗೋರಿ ಅಳತೀನಾ? ನನಗ ಸ್ವಲ್ಪ ಸಣ್ಣದಾಗ್ತೈತಲ್ಲೋ, ಕಾಲು ಮಡಚಿ ಹಾಕ್ತೀರೇನು?"

ಅಪ್ಪ ಅವಳ ಕಾಲ ಬಳಿ ಕೂತುಬಿಟ್ಟ. ಮುಚ್ಚಿಡಲಿಲ್ಲ. "ಮಗ್ಗದ ಕುಣಿಗೆ ದಾದಿಮಾ. ಮಲ್ಲೇಶಿಗೆ. ನೀವು ಮಾರ್ತೀರಂತ ಕೇಳಿ ಗೆರಿ ಎಳದ್ನಿ. ದಿನಾ ಎಳದ್ನಿ, ಅವ್ವ ದಿನಾ ಅಳಿಸಿದ್ಳು. ಇಲ್ಲಂದ್ರ ಇವ ಸೊಲ್ಲಾಪುರಕ್ಕ ಹೋಗ್ತಾನ."

"ಅಮ್ಮೀ, ನಾವು ಮಾರಾಕ ಬಂದೀವಿ. ಹೆಂಗೂ ಅವರಿಗೆ ಬೇಕಾಗೈತಿ. ಕೊಟ್ಟು ಹೋಗೂಣು," ಎಂದರು ಚಾಚಾ.

"ನೀ ಮಾರಾಕ ಬಂದಿ. ನಾ ಕೋಳಿ ನೋಡಾಕ ಬಂದೀನಿ," ಎಂದಳು ದಾದಿಮಾ. ಆಮೇಲೆ ಕಾಕಾನ ಕಡೆ ತಿರುಗಿ, "ಮಲ್ಲೇಶಿ, ಕೂಡಪ್ಪಾ ಇಲ್ಲಿ. ಮಗ್ಗಕ್ಕ ಕೂತಂಗ ಕೂಡು," ಎಂದಳು.

ಕಾಕಾ ಅಪ್ಪನ ಮುಖ ನೋಡಿ, ಗೆರೆಯ ಅಂಚಿಗೆ ಕೂತ. ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಮುಂದಕ್ಕೆ ನೀಡಿಕೊಂಡ. ಬಾಗಿಲಿಗೆ ಬಂದಿದ್ದ ಚಾಚಿ ಫಕ್ಕನೆ ನಕ್ಕಳು. ದಾದಿಮಾ ನಿಧಾನಕ್ಕೆ ನಡೆದು ಹೋಗಿ ಒಲೆಯ ಮುಂದೆ, ಆಯಿಯ ಪಕ್ಕದಲ್ಲಿ ಕೂತು, ಅಲ್ಲಿಂದ ಬಾಗಿಲ ಸಂದಿಯಲ್ಲಿ ನೋಡಿದಳು. ಕಾಣುತ್ತಾನೆ ಎಂದಳು. ಮತ್ತೆ ಎದ್ದು ಬಂದಳು.

"ಕೇಳು ಇಮಾಮ್. ಗದ್ವಾಲದಾಗ ನನಗ ನಿದ್ದಿ ಇಲ್ಲ. ಯಾರು ಕೆಮ್ಮಿದ್ರೂ ಎದಿ ಹಾರ್ತೈತಿ. ಇಲ್ಲಿ ಇವ ಕುಣಿಯಾಗ ಕಾಲಿಟ್ಟು ಕೂತ್ರ, ಹೊರಗ ಏನು ಸದ್ದಾದ್ರೂ ಲಗೂನ ಎದ್ದು ಓಡಂಗಿಲ್ಲ. ಹಗಲೆಲ್ಲ ಮಗ್ಗದ ಲಾಳಿ ಸಪ್ಪಳ ಕೇಳಿದ್ರ ನನಗ ಸಾಕು. ಮನಿ ನಮ್ಮದೇ ಇರ್ಲಿ. ಕುಣಿ ಅವರದು." ಆಮೇಲೆ ಪಾದದಿಂದ ಒಂದು ಕಡೆಯ ಸುಣ್ಣ ಒರೆಸಿದಳು. "ಕಡಾಯಿ ಮಗ್ಗಲಾಗ ಮಾತ್ರ ಬ್ಯಾಡ, ಬಣ್ಣ ಸಿಡೀತೈತಿ. ಒಂದು ಮೊಳ ಈಚಿಗೆ ತೋಡ್ರಿ."

ಚಾಚಾ, ಚಳಿ ಮುಗಿಯುವತನಕ ನೋಡೋಣ ಎಂದರು. ಗಂಟುಗಳನ್ನು ಒಳಗೆ ತಂದರು, ಆದರೆ ಬಿಚ್ಚಲು ಬಿಡಲಿಲ್ಲ. ಬಾಗಿಲ ಪಕ್ಕದಲ್ಲೇ ಇಡಿಸಿದರು, ಎತ್ತಿಕೊಂಡು ಹೊರಡುವುದಾದರೆ ಕೈಗೆ ಸಿಗುವಂತೆ. ಅಪ್ಪ ಅದನ್ನು ಕಂಡೂ ಕಾಣದವನಂತೆ ಸುಣ್ಣದ ಬಟ್ಟಲು ತಂದು, ದಾದಿಮಾ ತೋರಿಸಿದ ಕಡೆ ಗೆರೆ ತಿದ್ದಿದ. ಆಯಿ ಅದರ ಸುತ್ತ, ಗೆರೆಗೆ ತಾಗದಂತೆ, ಉಳಿದ ನೆಲ ಸಾರಿಸಿದಳು.

ಆ ಚಳಿ ಮುಗಿಯಿತು, ಅದರ ಮೇಲೆ ಎಷ್ಟೋ ಚಳಿಗಾಲ ಬಂದು ಹೋದವು. ಕಾಕಾ ಆ ಕುಣಿಯಲ್ಲೇ ಕೂತು ನೇಯ್ದು ತನ್ನ ಮಕ್ಕಳ ಮದುವೆ ಮಾಡಿದ. ನಾನು ಮದುವೆಯಾಗಿ ಗಂಡನ ವರ್ಗಾವಣೆಯ ಹಿಂದೆ ಎಷ್ಟು ಬಾಡಿಗೆ ಮನೆ ಹೊಕ್ಕೆನೋ ನೆನಪಿಲ್ಲ. ಯಾವ ಮನೆಗೆ ಹೋದರೂ ಸಾಮಾನು ಇಳಿಸುವ ಮುಂಚೆ ಒಲೆ ಹೊತ್ತಿಸಿ ಒಂದು ಪಾತ್ರೆ ನೀರು ಇಡುತ್ತೇನೆ. ಹಾಲು ಉಕ್ಕಿಸಬೇಕಲ್ಲವೇ ಎಂದು ನೆರೆಯವರು ಕೇಳುತ್ತಾರೆ. ಆಮೇಲೆ ಅದನ್ನೂ ಮಾಡುತ್ತೇನೆ. ಮೊದಲು ನೀರು.

ಅವರು ಮರಳಿ ಬಂದ ಆ ಸಂಜೆ ಬೇಗ ಕತ್ತಲಾಯಿತು. ಹಗಲೆಲ್ಲ ಬಿಸಿಲು ಕುಡಿದ ಕೌದಿಗಳನ್ನು ಅವ್ವ ಇಳಿಸಿದಳು, ಎರಡನ್ನು ಮಡಿಸಿ ಚಾಚಿಯ ಕೈಗೆ ಕೊಟ್ಟಳು. ಅವರ ಹೊದಿಕೆಗಳು ಇನ್ನೂ ಗಂಟಿನಲ್ಲಿದ್ದವಲ್ಲ. ನಮ್ಮ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯ ಚಟ್ನಿ ಹೋದವು. ಆ ಒಲೆಯ ಮೇಲೆ ಎಷ್ಟೋ ದಿನಗಳ ನಂತರ ಅಡಿಗೆ ಆಯಿತು. ಚಾಚಿ ಮಾಡಿದ ಬೇಳೆ ಖಿಚಡಿಯನ್ನು ಕಾಕಾ ಎರಡು ಸಲ ಹಾಕಿಸಿಕೊಂಡ, ಅಪ್ಪನೂ ನಾನೂ ಉಂಡೆವು. ದಾದಿಮಾ ಆಯಿಯ ಮುಂದೆ ತಾಟು ಇಡಲಿಲ್ಲ, ಗಡಿಗೆಯಿಂದ ಒಂದು ಲೋಟ ಬಿಸಿನೀರು ಬಗ್ಗಿಸಿ ಇಟ್ಟಳು. ಆಯಿ ಲೋಟವನ್ನು ನೋಡಿದಳು, ನಮ್ಮೆಲ್ಲರನ್ನೂ ನೋಡಿದಳು.

"ನಾನೇ ಕಾಸಿದ್ದಲ್ಲೇನು," ಎಂದು ಕುಡಿದಳು.

ಎಲ್ಲರ ಊಟವಾದ ಮೇಲೂ ಚಾಚಾ ಬಾಗಿಲ ಹತ್ತಿರವೇ, ಗಂಟುಗಳಿಗೆ ಬೆನ್ನು ಕೊಟ್ಟು ಕೂತಿದ್ದರು. ಕಾಲಿನ ಚಪ್ಪಲಿ ತೆಗೆದಿರಲಿಲ್ಲ. ರಾತ್ರಿಯಿಡೀ ನಾನು ಎಚ್ಚರ ಇರುತ್ತೇನೆ, ನೀವೆಲ್ಲ ಮಲಗಿರಿ ಎಂದು ಹೇಳಿದ್ದರು. ಮುದುಕಿಯರಿಬ್ಬರೂ ಒಲೆಯ ಮುಂದೆ ಕೋಳಿಮರಿಗಳ ಲೆಕ್ಕ ಹಾಕಿ, ತಪ್ಪಿ, ಮತ್ತೆ ಹಾಕುತ್ತಿದ್ದರು. ಅವ್ವ ಪಾತ್ರೆ ತಿಕ್ಕುತ್ತಿದ್ದಳು, ನನಗೂ ಇನ್ನೂ ಕಣ್ಣು ಎಳೆದಿರಲಿಲ್ಲ. ತಿರುಗಿ ನೋಡುತ್ತೇವೆ, ಚಾಚಾ ಅವರ ತಲೆ ಗಂಟಿನ ಮೇಲೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಅಪ್ಪ ಎದ್ದು ಹೋಗಿ ಸದ್ದಾಗದಂತೆ ಅವರ ಕಾಲಿನ ಚಪ್ಪಲಿ ತೆಗೆದು ಮೂಲೆಗೆ ಇಟ್ಟ. ಆಯಿ ಕೌದಿ ಹೊದಿಸಿದಳು. ಆ ರಾತ್ರಿ ಎರಡೂ ಮನೆಗಳಲ್ಲಿ ಮೊದಲು ನಿದ್ದೆ ಹೋದವರು ಇಮಾಮ್ ಚಾಚಾ.